ಮಂಜಿಗೆ ಹಚ್ಚಿದ ಮುಲಾಮು

ಹುಡುಗಿ ನೋಡಲು ಸಿದ್ದಾಪುರದ ಕಡೆಯಿಂದ ಬಂದವರು ಅವಲಕ್ಕಿ ತಿಂದು, ಬೆಲ್ಲದ ಕಾಫಿ ಕುಡಿದು, ನಗುನಗುತ್ತಲೇ ಎದ್ದು ಹೋದರು. ಕೆಲವು ದಿನಗಳ ಮೇಲೆ ಸಂಬಂಧಿಕರೊಬ್ಬರ ಬಾಯಲ್ಲಿ ಉತ್ತರ ಬಂತು. ಹುಡುಗಿ ಚುರುಕಾಗಿದ್ದಾಳೆ, ಗದ್ದೆ ಕೆಲಸ, ಮನೆ ಕೆಲಸ ಎರಡೂ ಬಲ್ಲಳು, ಆದರೆ ಬಣ್ಣ ತೀರಾ ಕಪ್ಪಾಯಿತು ಎಂದು. ಇಂಥ ಉತ್ತರ ಬಾರದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ ಹೇಳಿ.

ಈ ಉತ್ತರ ಬಂದದ್ದು ಯಲ್ಲಾಪುರ ತಾಲೂಕಿನ ಕಲ್ಲುಗದ್ದೆ ಎಂಬ ಸಣ್ಣ ಊರಿನ ಹೊನ್ನಿಯ ಮನೆಗೆ. ಸಾವಿರದ ಒಂಬೈನೂರ ಅರವತ್ತನೆಯ ಇಸವಿ, ದೀಪಾವಳಿ ಕಳೆದ ಹೊಸತು. ಹೊನ್ನಿಯ ಗಂಡ ಕೆರಿಯಪ್ಪನಿಗೆ ಸ್ವಂತದ್ದೊಂದು ತುಂಡು ಗದ್ದೆ ಇತ್ತು. ಒಬ್ಬಳೇ ಮಗಳು ಮಂಜಿ, ಹದಿನಾರು ತುಂಬಿದವಳು. ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದಳು.

ಕೆರಿಯಪ್ಪ ಮಾತನ್ನು ಹಗುರ ಮಾಡಲು ನೋಡಿದ. ತಾನೂ ಕಪ್ಪೇ, ತನ್ನ ಅಪ್ಪನೂ ಕಪ್ಪೇ, ಅದರಿಂದ ಗದ್ದೆಯಲ್ಲಿ ಭತ್ತ ಬೆಳೆಯುವುದೇನೂ ನಿಂತಿರಲಿಲ್ಲ ಎಂದ. ಗಂಡಸರಿಗಾದರೆ ನಡೆಯುತ್ತದೆ ಎಂದು ಹೊನ್ನಿ ಒಲೆಯ ಕಡೆ ತಿರುಗಿಕೊಂಡಳು. ಅವಳೂ ಮದುವೆಯಾಗಿ ಬಂದಾಗ ಇದೇ ಮಾತು ಕೇಳಿದ್ದಳು. ಅತ್ತೆ ಬದುಕಿರುವ ತನಕ ಅವಳ ಹೆಸರು ಹೊನ್ನಿ ಎಂದಿರಲಿಲ್ಲ, ಕರಿಯಿ ಎಂದೇ ಇತ್ತು. ಮಗಳಿಗೂ ಹಾಗಾಗಬಾರದು ಎಂಬುದೊಂದೇ ಅವಳ ಮನಸ್ಸಿನಲ್ಲಿದ್ದದ್ದು.

ಮಂಜಿಗೆ ಮಾತ್ರ ಆಗ ಈ ಚಿಂತೆ ಇರಲಿಲ್ಲ. ಅವಳಿಗೆ ಓಟದ ಹುಚ್ಚು. ಶಾಲೆಯ ಸೀತಾರಾಮ ಮಾಸ್ತರರು ಶಾಲೆ ಬಿಟ್ಟ ಹುಡುಗಿಯರನ್ನೂ ಕರೆದು ಬಯಲಿನಲ್ಲಿ ಓಡಿಸುತ್ತಿದ್ದರು. ಮಂಜಿಯ ಜೊತೆ ಓಡುತ್ತಿದ್ದವಳು ಸುಬ್ಬಿ, ಊರಂಚಿನಲ್ಲಿದ್ದ ಸಿದ್ದಿಯರ ಕೇರಿಯ ಗಣಪಿಯ ಮಗಳು. ನಮ್ಮ ಕಾಡಿನ ಊರುಗಳಲ್ಲಿ ಸಿದ್ದಿಯರು ತಲೆತಲಾಂತರದಿಂದ ಇದ್ದಾರೆ, ನಮ್ಮದೇ ಮಾತು ಆಡುತ್ತಾರೆ. ಅವರ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು ಎಂಬುದಕ್ಕೆ ಅವರ ಗುಂಗುರು ಕೂದಲು, ಗಾಢ ಬಣ್ಣ ಇವಷ್ಟೇ ಗುರುತು. ಆ ಗುರುತೇ ಅವರನ್ನು ಅಂಗಳದಿಂದ ಆಚೆ ನಿಲ್ಲಿಸುತ್ತಿತ್ತು. ನಾಟಿಗೆ, ಕೊಯ್ಲಿಗೆ ಗಣಪಿ ಹೊನ್ನಿಯ ಗದ್ದೆಗೆ ಬರುತ್ತಿದ್ದಳು. ಇಬ್ಬರೂ ಒಟ್ಟಿಗೆ ಬಗ್ಗಿ ಸಸಿ ನೆಡುತ್ತಿದ್ದರು. ಊಟಕ್ಕೆ ಮಾತ್ರ ಗಣಪಿ ಬದುವಿನ ಆಚೆ ಕೂರುತ್ತಿದ್ದಳು.

ಜನವರಿ ಇಪ್ಪತ್ತಾರರಂದು ಕಲ್ಲುಗದ್ದೆಯ ಬಯಲಿನಲ್ಲಿ ಸುತ್ತಲ ಊರುಗಳ ಓಟ ನಡೆಯಿತು. ಗೆದ್ದ ಹುಡುಗಿ ಬಾವುಟ ಹಿಡಿದು ಮೆರವಣಿಗೆಯ ಮುಂದೆ ನಡೆಯುವುದು ಅಲ್ಲಿಯ ರೂಢಿ. ಪೇಟೆಯಿಂದ ಸಾಹೇಬರೊಬ್ಬರು ಬಂದಿದ್ದರು. ಹುಡುಗಿಯರ ಓಟದಲ್ಲಿ ಸುಬ್ಬಿ ಮೊದಲು ಬಂದಳು. ಅವಳ ಬೆನ್ನಿಗೇ ಮಂಜಿ. ಮೂರನೆಯವರು ಬಹಳ ಹಿಂದಿದ್ದರು.

ಬಾವುಟ ಕೊಡುವ ಹೊತ್ತಿಗೆ ಓಟ ನಡೆಸುತ್ತಿದ್ದ ಸಮಿತಿಯವರು ಒಂದು ಪಕ್ಕಕ್ಕೆ ಸರಿದು ಗುಸುಗುಸು ಮಾತಾಡಿಕೊಂಡರು. ಹೊನ್ನಿ ಅವರಿಗೆ ತೀರಾ ಹತ್ತಿರದಲ್ಲೇ ನಿಂತಿದ್ದಳು. ಸಾಹೇಬರ ಮುಂದೆ ಸಿದ್ದಿ ಹುಡುಗಿಯನ್ನು ನಡೆಸುವುದು ಹೇಗೆ ಎಂದು ಒಬ್ಬರು ಅಂದರು. ಹಾಗಾದರೆ ಎರಡನೆಯವಳಿಗೆ ಕೊಡಿ ಎಂದರು ಇನ್ನೊಬ್ಬರು. ಮೊದಲಿನವರು ಮಂಜಿಯ ಕಡೆ ತಿರುಗಿ ನೋಡಿದರು.

"ಇವಳೂ ಸಿದ್ದಿ ಹಂಗೇ ಕಾಣ್ತಾಳಲ್ಲ ಮಾರಾಯ. ಮುಂದೆ ನಡ್ಯೋಳು ಸ್ವಲ್ಪ ಲಕ್ಷಣವಾಗಿ ಇರ್ಬೇಕು."

ಸೀತಾರಾಮ ಮಾಸ್ತರರು ತಡೆಯಲು ಹೋದರು. ಬಾವುಟವನ್ನು ಯಾರ ಕೈಗೆ ಕೊಡುತ್ತೇವೋ ಅವರನ್ನು ಮಾತ್ರ ನಮ್ಮವರೆಂದು ಒಪ್ಪಿದಂತಾಗುತ್ತದೆ, ಹಾಗೆ ಮಾಡಬೇಡಿ ಎಂದರು. ಅವರ ಮಾತು ನಡೆಯಲಿಲ್ಲ. ಓಟದಲ್ಲಿ ಕೊನೆಗೆ ಬಂದಿದ್ದ, ಬೆಳ್ಳಗಿನ ಮೈಯ ಹುಡುಗಿಯೊಬ್ಬಳ ಕೈಗೆ ಬಾವುಟ ಹೋಯಿತು. ಆ ಮಗುವಿನದು ಇದರಲ್ಲಿ ತಪ್ಪೇನೂ ಇಲ್ಲ. ಸುಬ್ಬಿ ಮತ್ತು ಮಂಜಿ ಸಾಲಿನ ಕಟ್ಟಕಡೆಗೆ ನಡೆದರು. ಸಿದ್ದಿಯರದ್ದು ಕಾಡಿನ ರಕ್ತ, ಓಡದೆ ಏನು ಮಾಡ್ತಾರೆ ಎಂದು ಯಾರೋ ನಕ್ಕರು.

ಹೊನ್ನಿಗೆ ಸಿಟ್ಟು ಬಂತು. ಆದರೆ ಅದು ಸುಬ್ಬಿಗೆ ಆದ ಅನ್ಯಾಯಕ್ಕಲ್ಲ. ಮನೆಗೆ ಹೋಗುವ ದಾರಿಯಲ್ಲಿ ಗಣಪಿ ಸಿಕ್ಕಾಗ ಅವಳೊಳಗಿದ್ದದ್ದು ಹೊರಗೆ ಬಂತು.

"ನನ್ನ ಮಗಳನ್ನ ನಿಮ್ಮ ಸಾಲಿಗೆ ಸೇರ್ಸಿದ್ರು ಕಾಣು ಗಣಪಿ. ನಾವೆಂತ ಸಿದ್ದಿರಾ?"

ಗಣಪಿ ಮೆಲ್ಲಗೆ ಹೇಳಿದಳು.

"ಅಲ್ಲ ಹೊನ್ನಕ್ಕ. ನನ್ನ ಮಗ್ಳು ದಿನಾ ಬೆಳಿಗ್ಗೆ ಎದ್ದು ಓಡಿ ಕಲ್ತಿದ್ದು. ಅದನ್ನ ಕಾಡಿನ ರಕ್ತ ಅಂದ್ರು. ನಿನ್ನ ಮಗ್ಳು ಓಡಿದ್ದೂ ಯಾರ ಕಣ್ಣಿಗೂ ಬೀಳ್ಲಿಲ್ಲ. ನಮ್ಮಿಬ್ಬರಿಗೂ ಆಗಿದ್ದು ಒಂದೇ."

ಹೊನ್ನಿ ಬೇರೆ ದಾರಿ ಹಿಡಿದಳು.

ಅಂದಿನಿಂದ ಮಂಜಿ ಬಯಲಿಗೆ ಹೋಗುವುದನ್ನು ಬಿಟ್ಟಳು. ಸುಬ್ಬಿ ಬೇಲಿಯ ಹತ್ತಿರ ಬಂದು ಕರೆದರೂ ಹೊರಗೆ ಬರಲಿಲ್ಲ. ಒಂದು ದಿನ, ಬೆಳ್ಳಗಾಗುವುದಕ್ಕೆ ಏನಾದರೂ ಸಿಗುತ್ತದಾ ಅವ್ವ ಎಂದು ತಾನಾಗಿಯೇ ಕೇಳಿದಳು. ಹೊನ್ನಿ ಅದಕ್ಕೇ ಕಾದಿದ್ದವಳಂತೆ ಸಿರಸಿಯ ಸಂತೆಗೆ ಹೋದಳು. ಅಲ್ಲಿ ಚಾಪೆ ಹಾಸಿ ಕೂತಿದ್ದ ಊರೂರು ತಿರುಗುವ ವ್ಯಾಪಾರಿ ಒಂದು ಬಿಳಿ ಮುಲಾಮಿನ ಡಬ್ಬಿ ಕೊಟ್ಟ. ಅದರ ಮೇಲೆ ಚಂದದ ಹೆಂಗಸಿನ ಚಿತ್ರವಿತ್ತು. ಒಳಗೆ ಏನು ಹಾಕಿದ್ದಾರೆ ಎಂದು ಬರೆದಿರಲಿಲ್ಲ. ಹೊನ್ನಿ ಕೇಳಲೂ ಇಲ್ಲ.

ಮುಲಾಮು ಕೆಲಸ ಮಾಡಿತು. ಕಷ್ಟ ಶುರುವಾದದ್ದೇ ಅಲ್ಲಿಂದ. ತಿಂಗಳು ಕಳೆಯುವುದರೊಳಗೆ ಮಂಜಿಯ ಮುಖ ತಿಳಿಯಾಯಿತು. ನೀರಿಗೆ ಬಂದ ಹೆಂಗಸರು ನಿಂತು ನೋಡಿದರು, ಹೊನ್ನಿಯನ್ನು ಹೊಗಳಿದರು. ಹೊನ್ನಿ ಮತ್ತೆ ಸಿರಸಿಗೆ ಹೋಗಿ ಇನ್ನಷ್ಟು ಡಬ್ಬಿ ತಂದಳು. ಮುಖಕ್ಕೆ ಹಚ್ಚುತ್ತಿದ್ದದ್ದನ್ನು ಕುತ್ತಿಗೆಗೆ, ಕೈಗೆ, ಕಾಲಿಗೆ ಹಚ್ಚತೊಡಗಿದಳು.

ಬಾಣಂತಿಯರನ್ನು ನೋಡಲು ಊರೂರು ಸುತ್ತುತ್ತಿದ್ದ ನರ್ಸಬಾಯಿ ದೇವಕ್ಕ ಒಂದು ದಿನ ಬಾಯಾರಿಕೆಗೆಂದು ಹೊನ್ನಿಯ ಮನೆಗೆ ಬಂದರು. ಅವರಿಗೂ ಹೊನ್ನಿಗೂ ಮೊದಲಿನಿಂದ ಸಲಿಗೆ. ಜಗಲಿಯ ಮೇಲಿದ್ದ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಇಂಥ ಮುಲಾಮುಗಳಲ್ಲಿ ಪಾದರಸ ಸೇರಿಸಿರುತ್ತಾರೆ ಎಂದು ಅವರು ದವಾಖಾನೆಯ ಡಾಕ್ಟರರಿಂದ ಕೇಳಿ ತಿಳಿದಿದ್ದರು.

"ಹೊನ್ನಿ, ಇದು ಚರ್ಮದ ಮೇಲೇ ನಿಲ್ಲೋದಲ್ಲ. ಒಳಗೆ ಇಳೀತದೆ. ನಮ್ಮ ಸೊಂಟದ ಹಿಂದೆ ಮೂತ್ರಪಿಂಡ ಅಂತ ಇರ್ತವೆ, ರಕ್ತ ಶುದ್ಧ ಮಾಡೋವು. ಪಾದರಸ ಅವನ್ನೇ ಕೆಡಿಸ್ತದೆ. ಇವತ್ತೇ ನಿಲ್ಸು. ಹುಡುಗಿಯನ್ನ ಡಾಕ್ಟರಿಗೆ ತೋರ್ಸು."

"ಬಾಯಿ, ಊರಲ್ಲೆಲ್ಲ ಹಚ್ಕಳೋರು ಅದಾರೆ. ಅವ್ರಿಗೆಂತ ಆಯ್ದು? ನಿಮ್ಗೆ ಹೆಣ್ಣು ಮಕ್ಳಿಲ್ಲ, ನಂಗೆ ಅದೆ."

ಅಂದ ಮೇಲೆ ಹೊನ್ನಿಗೇ ಇರಿಸುಮುರಿಸಾಯಿತು. ದೇವಕ್ಕ ಕೋಪ ಮಾಡಿಕೊಳ್ಳಲಿಲ್ಲ. ಮುಖ ಬಾತರೆ, ಮೂತ್ರ ಕಡಿಮೆಯಾದರೆ, ಅದರಲ್ಲಿ ನೊರೆ ಕಂಡರೆ ಒಂದು ದಿನವೂ ತಡಮಾಡಬೇಡ ಎಂದು ಮಂಜಿಗೂ ಕೇಳಿಸುವಂತೆ ಹೇಳಿ ಹೋದರು. ನಿಲ್ಲಿಸುತ್ತೇನೆ ಎಂದು ಹೊನ್ನಿ ಒಪ್ಪಿಕೊಂಡಳು. ನಿಲ್ಲಿಸಲಿಲ್ಲ. ಸಿದ್ದಾಪುರದವರಿಗೆ ಹುಡುಗಿಯ ಬಣ್ಣ ತಿರುಗಿದ ಸುದ್ದಿ ಮುಟ್ಟಿತ್ತು. ಅವರು ಇನ್ನೊಮ್ಮೆ ಬಂದು ನೋಡುತ್ತೇವೆ ಎಂದಿದ್ದರು. ಅವರು ಬಂದು ಹೋಗಲಿ, ಆಮೇಲೆ ಬಿಟ್ಟರಾಯಿತು ಎಂದುಕೊಂಡಳು.

ಬೇಸಿಗೆ ಮುಗಿಯುವ ಹೊತ್ತಿಗೆ ಮಂಜಿಯ ಕೆನ್ನೆಗಳು ತುಂಬಿಕೊಂಡವು. ಮೈ ಕೈ ತುಂಬುತ್ತಿದೆ ಎಂದು ಹೊನ್ನಿ ಹಿಗ್ಗಿದಳು. ಸಿದ್ದಾಪುರದವರು ಬಂದು ನೋಡಿ, ಈ ಸಲ ಒಪ್ಪಿಗೆಯೆಂದು ತಲೆಯಾಡಿಸಿ ಹೋದರು. ಅದಾದ ಸ್ವಲ್ಪ ದಿನಕ್ಕೆ ಮಂಜಿಗೆ ಬೆಳಿಗ್ಗೆ ಕಣ್ಣು ಬಿಡುವುದೇ ಕಷ್ಟವಾಯಿತು, ರೆಪ್ಪೆ ಅಷ್ಟು ಬಾತಿತ್ತು. ಕಾಲು ಒತ್ತಿದರೆ ಬೆರಳು ಹೂತಲ್ಲೇ ಕುಳಿ ಉಳಿಯುತ್ತಿತ್ತು. ಹೊಟ್ಟೆ ಉಬ್ಬಿತು. ಮೂತ್ರದಲ್ಲಿ ನೊರೆ ಇದೆ ಎಂದು ಮಂಜಿಗೆ ಮೊದಲೇ ಗೊತ್ತಾಗಿತ್ತು. ಹೇಳಿದರೆ ಅವ್ವ ಮುಲಾಮು ನಿಲ್ಲಿಸಿಬಿಡುತ್ತಾಳೆ ಎಂದು ಸುಮ್ಮನಿದ್ದಳು.

ಸುದ್ದಿ ತಿಳಿದು ದೇವಕ್ಕ ಓಡಿ ಬಂದರು. ಯಲ್ಲಾಪುರದ ಡಾಕ್ಟರರು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೇ ಒಯ್ಯಿರಿ ಎಂದರು. ಮಂಜಿಗೆ ನಡೆಯಲು ಆಗುತ್ತಿರಲಿಲ್ಲ. ಕಂಬಳಿಯ ಜೋಲಿ ಕಟ್ಟಿ ಅವಳನ್ನು ಬಸ್ಸು ಬರುವ ರಸ್ತೆಯವರೆಗೆ ಹೊರಬೇಕಾಯಿತು. ಕರೆಯದಿದ್ದರೂ ಗಣಪಿ ಬಂದಳು. ಒಂದು ಕಡೆ ಕೆರಿಯಪ್ಪ, ಇನ್ನೊಂದು ಕಡೆ ಗಣಪಿ ಮತ್ತು ಸುಬ್ಬಿ ಹೆಗಲು ಕೊಟ್ಟರು. ಹೊನ್ನಿ ಹಿಂದೆ ಬಂದಳು. ಬಸ್ಸು ಹತ್ತಿಸುವಾಗ ಸುಬ್ಬಿ ಮಂಜಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಸರಿಸಿದಳು. ಬಾತು ಹೋದ ಆ ಪಾದ ನೋಡಿ ಅವಳು ಅತ್ತಳು.

ಹುಬ್ಬಳ್ಳಿಯ ಡಾಕ್ಟರರು ಏನು ಹಚ್ಚುತ್ತಿದ್ದಿರಿ ಎಂದು ಕೇಳಿದರು. ಹೊನ್ನಿ ಮುಚ್ಚಿಡದೆ ಹೇಳಿದಳು. ಮೂತ್ರಪಿಂಡಗಳು ಕೆಟ್ಟಿವೆ, ಮೈಯ ಸತ್ವವೆಲ್ಲ ಮೂತ್ರದಲ್ಲಿ ಹರಿದು ಹೋಗುತ್ತಿದೆ, ಸೋಂಕು ತಡೆಯುವ ಶಕ್ತಿ ಉಳಿದಿಲ್ಲ ಎಂದರು ಅವರು. ಆಗಲೇ ಎದೆಗೆ ಸೋಂಕು ತಗಲಿ ಜ್ವರ ಏರಿತ್ತು. ಮುಲಾಮು ನಿಲ್ಲಿಸಿ ಬೇಗ ಬಂದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ ಎಂಬ ಮಾತನ್ನೂ ಹೇಳಿದರು. ಹೊನ್ನಿಗೆ ಆಮೇಲೆ ಅತ್ಯಂತ ಭಾರವಾಗಿ ಉಳಿದದ್ದು ಅದೇ ಮಾತು.

ಮಂಜಿ ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅವಳಿಗೆ ಸ್ವಲ್ಪ ಎಚ್ಚರವಿತ್ತು. ತಾಯಿಯನ್ನು ಹತ್ತಿರ ಕರೆದಳು.

"ಅವ್ವ, ಸಿದ್ದಾಪುರದವ್ರು ಎಂತ ಅಂದ್ರು?"

ಒಪ್ಪಿದ್ದಾರೆ ಮಗ ಎಂದಳು ಹೊನ್ನಿ. ಅದು ಸುಳ್ಳಲ್ಲ, ಅವರು ಒಪ್ಪಿದ್ದರು. ಮಂಜಿ ಕಣ್ಣು ಮುಚ್ಚಿದಳು. ಸಂಜೆಗೆ ಉಸಿರು ನಿಂತಿತು.

ಆ ಮಳೆಗಾಲವೆಲ್ಲ ಹೊನ್ನಿ ಹೊಸಿಲು ದಾಟಲಿಲ್ಲ. ಅವಳ ಪಾಲಿನ ನಾಟಿಯನ್ನು ಗಣಪಿಯೇ ಮುಗಿಸಿದಳು. ಮಳೆ ನಿಂತ ಮೇಲೆ ಒಂದು ದಿನ ಹೊನ್ನಿ ತಾನಾಗಿ ಎದ್ದು ಸಿದ್ದಿಯರ ಕೇರಿಗೆ ಹೋದಳು. ಗಣಪಿಯ ಜಗಲಿಯಲ್ಲಿ ಕೂತು, ಅವಳು ಕೊಟ್ಟ ಗಂಜಿ ಕುಡಿದಳು. ಅಂದು ದಾರಿಯಲ್ಲಿ ಆಡಿದ ಮಾತು ತಪ್ಪಾಯಿತು ಎಂದಳು. ಗಣಪಿ ಬರಿದಾದ ತಟ್ಟೆಗೆ ಇನ್ನೊಂದಿಷ್ಟು ಗಂಜಿ ಬಡಿಸಿದಳು.

ಮುಂದಿನ ಜನವರಿಯ ಮೊದಲು ಇಬ್ಬರೂ ಸೀತಾರಾಮ ಮಾಸ್ತರರನ್ನು ಜೊತೆ ಮಾಡಿಕೊಂಡು ಸಮಿತಿಯವರ ಮುಂದೆ ಹೋಗಿ ಕೂತರು. ಮಾತಾಡಿದ್ದು ಹೊನ್ನಿ. ಓಟ ಅಂದಮೇಲೆ ಕಾಲು ನೋಡಬೇಕು, ಚರ್ಮ ನೋಡುವುದಾದರೆ ಓಟ ಯಾಕೆ ಇಡಬೇಕು ಎಂದು ಕೇಳಿದಳು. ಮಗಳನ್ನು ಕಳೆದುಕೊಂಡ ತಾಯಿಯ ಆ ಮಾತಿಗೆ ಸಮಿತಿಯವರು ಮಣಿದರು. ಗೆದ್ದವರು ಯಾರೇ ಇರಲಿ, ಮುಂದೆ ನಡೆಯಲಿ ಎಂದು ಒಪ್ಪಿದರು. ಆದರೆ ಆ ವರ್ಷ ಸುಬ್ಬಿ ಓಡಲಿಲ್ಲ. ಅವಳು ಅಷ್ಟರಲ್ಲಿ ಕಟ್ಟಿಗೆ ಡಿಪೋದ ಕೂಲಿಗೆ ಸೇರಿದ್ದಳು, ಓಟದ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದಳು. ಒಳ್ಳೆಯ ಮಾತು ಒಪ್ಪುವಷ್ಟರಲ್ಲಿ ಇಬ್ಬರು ಹುಡುಗಿಯರೂ ಬಯಲಿನಲ್ಲಿ ಇಲ್ಲವಾಗಿದ್ದರು.

ಆ ವರ್ಷದ ಚೈತ್ರದಲ್ಲಿ ಕೆರಿಯಪ್ಪನ ತಮ್ಮ ಚೌಡನ ಹೆಂಡತಿಗೆ ಹೆರಿಗೆಯಾಯಿತು. ಹೆಣ್ಣು ಮಗು. ದೇವಕ್ಕ ಮಗುವನ್ನು ಒರೆಸಿ ಹೊನ್ನಿಯ ಕೈಗೆ ಕೊಟ್ಟರು. ಹೊರಗೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಬಾಗಿಲಿಗೆ ಬಂದು, ಯಾವಾಗಲೂ ಕೇಳುವುದನ್ನೇ ಕೇಳಿದಳು. ಬಣ್ಣ ಹ್ಯಾಂಗದೆ ಹೊನ್ನಕ್ಕ, ಯಾರ ಹಂಗದೆ?

ಹೊನ್ನಿ ಮಗುವನ್ನು ಎದೆಗೆ ಒತ್ತಿಕೊಂಡಳು.

"ಉಸಿರಾಡ್ತಾ ಅದೆ. ಗಟ್ಟಿಯಾಗಿ ಅಳ್ತಾ ಅದೆ. ಅದನ್ನ ಕೇಳು, ಹೇಳ್ತೆ. ಬಣ್ಣದ ಮಾತು ಈ ಮನೇಲಿ ಇನ್ನು ಬೇಡ."

ಚೌಡ ಅಣ್ಣನ ಮುಖ ನೋಡಿದ. ಕೆರಿಯಪ್ಪ ಹೌದೆಂದು ತಲೆಯಾಡಿಸಿದ. ಕೇಳಿದವಳು ಒಳಗೆ ಬಂದು ಬಾಣಂತಿಗೆ ನೀರು ಕಾಯಿಸಲು ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದಿದ ನೀವು, ಓದಿಸಿ ಕೇಳಿದ ನೀವು, ನಿಮ್ಮ ಮನೆಯ ಕಡೆ ಒಮ್ಮೆ ನೋಡಿಕೊಳ್ಳಿ. ಬೆಳ್ಳಗೆ ಮಾಡುತ್ತೇವೆಂದು ಮಾರುವ, ಒಳಗೇನಿದೆ ಎಂದು ಹೇಳದ ಮುಲಾಮು ನಿಮ್ಮಲ್ಲಿದ್ದರೆ ಹಚ್ಚುವುದನ್ನು ಇಂದೇ ನಿಲ್ಲಿಸಿ. ಈಗಾಗಲೇ ಹಚ್ಚಿದವರ ಮುಖ, ಕಾಲು ಬಾತಿದ್ದರೆ, ಮೂತ್ರದಲ್ಲಿ ನೊರೆ ಕಂಡರೆ ನಾಚಿಕೆಪಡದೆ ದವಾಖಾನೆಗೆ ಕರೆದುಕೊಂಡು ಹೋಗಿ. ಡಬ್ಬಿಯನ್ನೂ ಒಯ್ದು ತೋರಿಸಿ. ಆದರೆ ಡಬ್ಬಿ ಎಸೆದರೆ ಅರ್ಧ ಕೆಲಸವಾಯಿತು ಅಷ್ಟೇ. ಮಂಜಿಯ ಕೈಗೆ ಆ ಡಬ್ಬಿ ಕೊಟ್ಟದ್ದು ನಮ್ಮ ನಾಲಿಗೆ. ಕರಿಯಿ ಎಂದು ಸೊಸೆಯನ್ನು ಕರೆಯುವ ನಾಲಿಗೆ, ಒಂದು ಜನಾಂಗದ ಹೆಸರನ್ನೇ ಬೈಗುಳ ಮಾಡಿಕೊಂಡ ನಾಲಿಗೆ, ಗೆದ್ದವಳನ್ನು ಹಿಂದಕ್ಕೆ ನಿಲ್ಲಿಸುವ ನಾಲಿಗೆ. ದೇಶ ಹೇಗಿದೆ ಎಂದು ತಿಳಿಯಲು ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. ನಿಮ್ಮೂರ ಬಯಲಿನಲ್ಲಿ ಯಾರನ್ನು ಮುಂದೆ ನಿಲ್ಲಿಸಿದ್ದೀರಿ, ಯಾರನ್ನು ಹಿಂದೆ ನಿಲ್ಲಿಸಿದ್ದೀರಿ ನೋಡಿ, ಸಾಕು. ನಾಳೆ ನಿಮ್ಮ ನೆರೆಮನೆಯಲ್ಲಿ ಮಗು ಹುಟ್ಟಿದಾಗ, ದಯವಿಟ್ಟು ಅದರ ಬಣ್ಣ ಕೇಳಬೇಡಿ. ತಾಯಿ ಹೇಗಿದ್ದಾಳೆ ಎಂದು ಕೇಳಿ.