ಬೆಳ್ಳಮ್ಮನ ಬೆರಳು

೧
ಎಲ್ಲಿಂದ ಶುರು ಮಾಡಲಿ? ಮಳವಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಮಂಜುಶ್ರೀ ಹೆಸರಾಂತ ಖಗೋಳವಿಜ್ಞಾನಿಯಾದಳು ಎಂದು ಒಂದು ಪುಟ ಬರೆದೆ. ಸನ್ಮಾನಪತ್ರದ ಹಾಗಿತ್ತು. ಹರಿದು ಹಾಕಿದೆ.

೨
ಆದರೂ ಅವಳ ಸಂಶೋಧನೆ ನಿಮಗೆ ಗೊತ್ತಿರಬೇಕು. ಕೆಲವು ನಕ್ಷತ್ರಗಳು ಸತ್ತ ಮೇಲೂ ಗಿರಗಿರನೆ ತಿರುಗುತ್ತ, ನಾಡಿ ಬಡಿದ ಹಾಗೆ ರೇಡಿಯೋ ಅಲೆ ಕಳಿಸುತ್ತವೆ. ಪಲ್ಸಾರ್ ಎನ್ನುತ್ತಾರೆ. ಅಂಥದ್ದೊಂದನ್ನು ಮೊದಲು ಕಂಡವಳು ಮಂಜುಶ್ರೀ. ಅದು ನಾಲ್ಕು ಸಲ ಮಿಡಿದು ಒಂದು ಮಿಡಿತ ತಪ್ಪಿಸುತ್ತಿತ್ತು. ಯಾಕೆಂದು ಹುಡುಕುವುದರಲ್ಲೇ ಅವಳ ವೃತ್ತಿಜೀವನ ಕಳೆಯಿತು. ಹೋದ ವರ್ಷ ಅದು ನಿಧಾನವಾಗುತ್ತ ಆಗುತ್ತ ನಿಂತೇಹೋಯಿತು. (ಪಲ್ಸಾರ್ ಇಷ್ಟು ಬೇಗ ನಿಲ್ಲುವುದಿಲ್ಲ ಎನ್ನುತ್ತೀರಿ. ಅವಳೂ ಅದನ್ನೇ ಹೇಳಿದಳು.)

೩
ಆಮೇಲೆ ಊರಿಂದ ಶಿವರಾಮು ಫೋನ್ ಮಾಡಿದ. ಅವನು ಅವಳ ಚಿಕ್ಕಮ್ಮ ಬೆಳ್ಳಮ್ಮನ ಮಗ. ತಾಯಿಯಿಲ್ಲದ ಮಂಜುಶ್ರೀಯನ್ನು ಬೆಳೆಸಿದ್ದು ಈ ಬೆಳ್ಳಮ್ಮನೇ.

"ಅಕ್ಕ, ಅವ್ವ ದಿನವೆಲ್ಲ ಬೆರಳಲ್ಲಿ ಏನಾರ ಕುಟ್ತಾ ಕೂತಿರ್ತಳೆ. ಡಾಕ್ಟ್ರು ಏನೂ ಇಲ್ಲ ಅಂತರೆ. ಒಂದ್ಸಲ ಬಂದ್ ನೋಡು."

ಮಂಜುಶ್ರೀ ಮಧ್ಯಾಹ್ನದ ಬಸ್ಸಿಗೆ ಬಂದಳು. ಬೆಳ್ಳಮ್ಮ ಜಗಲಿಯಲ್ಲಿ ಕೂತಿದ್ದಳು. ಟೀ ಕುಡಿದಿಟ್ಟ ಲೋಟದ ಅಂಚಿಗೆ ಬೆರಳು ಬಡಿಯುತ್ತಿತ್ತು. ನಾಲ್ಕು ಬಡಿತ. ಒಂದು ಖಾಲಿ. ಮತ್ತೆ ನಾಲ್ಕು. ಮಂಜುಶ್ರೀ ಬ್ಯಾಗು ಇಳಿಸುವುದನ್ನೂ ಮರೆತು ನಿಂತಳು.

"ಇದ್ನ ಯಾರ್ ಹೇಳ್ಕೊಟ್ರು ಚಿಕ್ಕವ್ವ?"

"ಯಾವ್ದಮ್ಮ?" ಬೆಳ್ಳಮ್ಮ ತನ್ನ ಬೆರಳನ್ನು ಯಾರದ್ದೋ ಎಂಬಂತೆ ನೋಡಿದಳು. "ನಾನೆಲ್ಲಿ ಕುಟ್ತೀನಿ? ಅದ್ರ ಪಾಡಿಗದು ಆಡ್ತದೆ, ಬುಡು. ಉಣ್ಣಕ್ಕಿಕ್ಲಾ?"

೪
ಇಲ್ಲಿ ನನಗೂ ಮಂಜುಶ್ರೀಗೂ ಜಗಳವಾಯಿತು. ಆ ನಕ್ಷತ್ರದ ಕೊನೆಯ ತಿಂಗಳುಗಳೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿವೆ. ಬೆರಳು ಈಚೆಗೆ ನಿಧಾನವಾಗುತ್ತಿದೆ ಎಂದು ಶಿವರಾಮು ಬೇರೆ ಹೇಳಿದ್ದಾನೆ. ಎರಡನ್ನೂ ಹೋಲಿಸಿದರೆ, ಬೆರಳು ಯಾವತ್ತು ನಿಲ್ಲುತ್ತದೆಂದು ತಿಳಿದುಬಿಡುತ್ತದೆ.

"ಹೋಲಿಸಿ ನೋಡು," ಎಂದೆ. "ಓದುಗರು ಕಾಯ್ತಿದ್ದಾರೆ."

"ನಿಮಗೆ ಕ್ಲೈಮ್ಯಾಕ್ಸ್ ಬೇಕು. ನಂಗೆ ಇವ್ಳು ಬೇಕು."

ಬೆಳ್ಳಮ್ಮ ವಾಸಿಯಾಗುವ ಒಂದು ಕೊನೆ ಬರೆದುಕೊಟ್ಟೆ. ಮಂಜುಶ್ರೀ ನಂಬಲಿಲ್ಲ. ನಕ್ಷತ್ರ ಮತ್ತೆ ಮಿಡಿಯುವ ಇನ್ನೊಂದು ಕೊನೆ ಕೊಟ್ಟೆ.

"ಅದು ಮಿಡೀಬೇಕಾದ್ರೆ ಇವ್ಳು ಏನ್ ಕೊಡ್ಬೇಕು?" ಎಂದಳು.

ಅದನ್ನು ನಾನು ಯೋಚಿಸಿರಲಿಲ್ಲ.

೫
ಅವಳು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಲೋಟವನ್ನು ಪಕ್ಕಕ್ಕೆ ಸರಿಸಿ, ಚಿಕ್ಕಮ್ಮನ ಬೆರಳಿನಡಿ ತನ್ನ ಅಂಗೈ ಒಡ್ಡಿ ಕೂತಳು. ಇಷ್ಟು ಹೊತ್ತೂ ನಾನು ಆ ಸದ್ದು ಕೇಳಿಕೊಂಡೇ ಬರೆಯುತ್ತಿದ್ದೆ. ಈಗ ಏನೂ ಕೇಳಿಸುತ್ತಿಲ್ಲ.

"ಇನ್ನೂ ಬಡೀತಿದ್ಯಾ?" ಎಂದು ಕೇಳಿದೆ.

ಮಂಜುಶ್ರೀ ಆ ಬೆರಳಿನ ಮೇಲೆ ತನ್ನ ಇನ್ನೊಂದು ಅಂಗೈಯನ್ನೂ ಮುಚ್ಚಿದಳು.