ಕುಂಡದ ಪಂಡಿತರು

ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿನ ಕನ್ನಡಿಗರಿಗೆಲ್ಲ ಲಕ್ಷ್ಮೀನಾರಾಯಣರೇ ಹಿರಿಯರು. ವಿಮಾ ಕಂಪನಿಯಿಂದ ನಿವೃತ್ತರು, ನಮ್ಮ ಮೇಲಿನ ಮನೆಯವರು. ಗುಜರಾತಿಯಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದುಕೊಂಡವರು. ಅವರ ಗುಜರಾತಿಗೆ ತರಕಾರಿಯವನು ಹಿಂದಿಯಲ್ಲಿ ಉತ್ತರಿಸುತ್ತಾನೆ. ಅದಕ್ಕೂ ಅವರಿಗೆ ನಾಚಿಕೆಯಿಲ್ಲ.

ಮಳೆ ನಿಂತ ಮೇಲೆ ಡೆಂಗಿ ಶುರುವಾಯಿತು. ಕೆಳಗೆ ಗಾಡಿಯೊಂದು ಮೈಕಿನಲ್ಲಿ 'ಕೂಂಡಾ ಖಾಲಿ ಕರೋ, ಘಸೀನೆ ಧೋವೊ' ಎಂದು ಕೂಗುತ್ತ ಹೋಯಿತು. ಇವರು ತಕ್ಷಣ ವಾಟ್ಸಾಪ್ ಗುಂಪಿಗೆ ಕನ್ನಡದಲ್ಲಿ ಹಾಕಿದರು: 'ಹೂಕುಂಡಗಳನ್ನು ಖಾಲಿ ಮಾಡತಕ್ಕದ್ದು.' ಕುರಿಗಳ ಹಾಗೆ ಎಲ್ಲರೂ ದಾಸವಾಳ, ಗುಲಾಬಿ ಕಿತ್ತು ಮಣ್ಣು ಸುರಿದರು. ನಾನು ತುಳಸಿಯೊಂದನ್ನು ಉಳಿಸಿಕೊಂಡೆ. ಹಗಲು ಕಚ್ಚುವ ಸೊಳ್ಳೆಗೆ ರಾತ್ರಿ ಪರದೆ ಕಟ್ಟಿ ಎಂದದ್ದೂ ಇದೇ ಮಹಾನುಭಾವರು.

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅರ್ಚಿತಾ ಲಿಫ್ಟಿನ ಬಳಿ ಅವರನ್ನು ನಿಲ್ಲಿಸಿದಳು. "ಅಂಕಲ್, ಕೂಂಡು ಅಂದ್ರೆ ಪಕ್ಷಿಗೆ ಪಾನಿ ಇಡೋದು ಕೂಡ. ನಿಮ್ಮ ಬಾಲ್ಕನಿಯಲ್ಲಿ ಹ್ಯಾಂಗ್ ಮಾಡಿದೀರಲ್ಲ, ಅದು."

"ಮೊದ್ಲು ನೆಟ್ಟಗೆ ಕನ್ನಡ ಕಲಿಯಮ್ಮ, ಆಮೇಲೆ ನಂಗೆ ಗುಜರಾತಿ ಹೇಳ್ಕೊಡುವಿಯಂತೆ" ಎಂದು ನಕ್ಕರು. ಸುತ್ತಲಿದ್ದವರೂ ಹಲ್ಲು ಕಿರಿದರು.

ಹಕ್ಕಿಗೆ ನೀರಿಡುವ ಆ ಮಣ್ಣಿನ ಬಟ್ಟಲಿನ ನೇರ ಕೆಳಗೇ, ನಮ್ಮ ಬಾಲ್ಕನಿಯಲ್ಲಿ, ಅರ್ಚಿತಾ ಮಧ್ಯಾಹ್ನ ಓದುತ್ತ ಕೂರುವುದು. ಅವಳಿಗೆ ಜ್ವರ ಬಂತು. ಇಳಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಹೊಟ್ಟೆನೋವು, ಮೂಗಿನಲ್ಲಿ ರಕ್ತ. "ಜ್ವರ ಇಳಿದಾಗಲೇ ಅಪಾಯ" ಎಂದು ಡಾಕ್ಟರು ದಾಖಲು ಮಾಡಿಕೊಂಡರು.

ನಮ್ಮ ಗುಜರಾತಿ ಪಂಡಿತರು ಆಸ್ಪತ್ರೆಗೆ ಪಪ್ಪಾಯಿ ಎಲೆಯ ರಸ ಹಿಡಿದು ಬಂದರು. "ಇದು ಕುಡಿಸಿ ಜಯಾ, ಎದ್ದು ಕೂತ್ಕೋತಾಳೆ. ನನ್ನ ಮಾತು ಕೇಳಿ ಕುಂಡ ಎಲ್ಲ ಖಾಲಿ ಮಾಡಿದ್ರೆ ಹೀಗಾಗ್ತಿತ್ತಾ? ತುಳಸಿ ಉಳಿಸ್ಕೊಂಡ್ರಲ್ಲ!"

ಮಗು ಉಳಿಯಲಿ, ಇವರನ್ನು ಆಮೇಲೆ ನೋಡಿಕೊಳ್ಳೋಣ ಎಂದು ರಸವನ್ನು ಪಕ್ಕಕ್ಕಿಟ್ಟೆ.

ಅರ್ಚಿತಾ ಉಳಿದಳು. ಮನೆಗೆ ಕರೆತಂದ ದಿನವೇ ಮೇಲಿನ ಮನೆಗೆ ಹೋಗಿ, ಬಟ್ಟಲನ್ನು ಬಿಚ್ಚಿ ಅವರ ಮೂಗಿನಡಿ ಹಿಡಿದೆ. ನೀರಿನಲ್ಲಿ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು.

"ಇದಕ್ಕೆ ಗುಜರಾತಿಯಲ್ಲಿ ಏನಂತಾರೆ, ಹೇಳಿ."

ಕನ್ನಡಕ ಏರಿಸಿ ನೋಡಿದರು. ನೋಡಿಯೂ, "ಬೌಲ್" ಎಂದರು.

ಬೌಲನ್ನು ಅವರ ಬಿಳಿ ಪಂಚೆಯ ಮೇಲೇ ಖಾಲಿ ಮಾಡಿ ಕೈಗೆ ಕೊಟ್ಟೆ. "ಇನ್ನು ಉಜ್ಜಿ ತೊಳೀರಿ. ಮೊಟ್ಟೆ ಒಳಗೆ ಅಂಟ್ಕೊಂಡಿರುತ್ತೆ. ಮೈಕಿನಲ್ಲಿ 'ಘಸೀನೆ ಧೋವೊ' ಅಂತ ಅದನ್ನೂ ಹೇಳಿದ್ರು."