ಅದೇ ವಾಸನೆ

ಲಾರಿ ಶೆಡ್ಡಿನಲ್ಲಿ ಬ್ಯಾಟರಿ ಕೆಲಸದವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಮೂಗಯ್ಯ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು ಸಲ ಬಗ್ಗಿ, ಕೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಂಡು, ಇದು ಸರಿ ಇದೆ, ಇದು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಮೀಟರು ಆಮೇಲೆ ಬಂದು ಮೂಗಿಗೆ ಹೂಂಗುಟ್ಟುತ್ತಿತ್ತು, ಅಷ್ಟೆ. ಒಳಗೊಳಗೇ ಕುದಿಯುವ ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಅಂಥದ್ದಕ್ಕೆ ಬೇರೆ ಗಾಡಿಯ ಬ್ಯಾಟರಿಯಿಂದ ಕೇಬಲ್ ಹಾಕಿ ಒಂದು ಕಿಡಿ ಹಾರಿತೋ, ತುಂಬಿಕೊಂಡ ಗ್ಯಾಸು ಡಬ್ಬಿಯನ್ನೇ ಸಿಡಿಸಿ ಆಸಿಡ್ಡನ್ನು ಮುಖಕ್ಕೆ ಎರಚುತ್ತದೆ. ಆ ನಾತ ಬೇರೆಯವರಿಗೆ ಹತ್ತುವ ಎಷ್ಟೋ ಮೊದಲೇ ಮೂಗಯ್ಯನಿಗೆ ಹತ್ತುತ್ತಿತ್ತು.

ಆ ಮೂಗು ಸತ್ತು ಆರು ತಿಂಗಳಾಗಿತ್ತು.

ಒಂದು ವಾರ ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರೂ ನೀರಿನ ಬಟ್ಟೆಯ ಹಾಗಿತ್ತು. ಗೊತ್ತಾದದ್ದು ಹೆಂಡತಿಗೆ ಮಾತ್ರ. ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕರ್ರಗಾಗುತ್ತಿದ್ದರೆ ಗಂಡ ಅಲ್ಲೇ ಕೂತು ಪೇಪರ್ ಓದುತ್ತಿದ್ದ. ಅವಳು ಒಲೆ ಆರಿಸಿ ಅವನತ್ತ ತಿರುಗಿದಳು.

"ಮೂಗು ಹೋದ್ರೆ ಹೋಗ್ಲಿ ರೀ, ಬಾಯಿ ಇದೆಯಲ್ಲ. ಶೆಡ್ಡಲ್ಲಿ ಹೇಳಿಬಿಡಿ."

"ಹೇಳ್ತೀನಿ ಬಿಡೇ" ಎಂದ. ಹೇಳಲಿಲ್ಲ. ಹೆಸರೇ ಮೂಗಯ್ಯ ಆದವನು ಏನೆಂದು ಹೇಳಬೇಕು?

ಮೂರು ತಿಂಗಳ ಹಿಂದೆ, ಹೇಳಬಹುದಾಗಿದ್ದ ಗಳಿಗೆಯೂ ಕೈಬಿಟ್ಟುಹೋಯಿತು. ಶೆಡ್ಡಿನ ಹಿರಿಯ ಡ್ರೈವರ್ ತನ್ನ ಲಾರಿಯ ಬ್ಯಾಟರಿ ಡೌನ್ ಆಗಿದೆ ಎಂದು ಕರೆದಿದ್ದ. ಮೂಗಯ್ಯ ಎಂದಿನಂತೆ ಬಗ್ಗಿ, ಗಾಳಿ ಬೀಸಿಕೊಂಡು, "ಹಾಕಣ್ಣ, ಏನೂ ಇಲ್ಲ" ಎಂದಿದ್ದ. ಕೇಬಲ್ಲಿನ ಕೊನೆಯ ಕ್ಲಿಪ್ಪು ತಾಗಿದ ಕೂಡಲೇ ಬ್ಯಾಟರಿ ಸಿಡಿಯಿತು. ಆ ಮನುಷ್ಯನ ಎಡಗಣ್ಣು ಹೋಯಿತು. ಎಲ್ಲರೂ ಮೂಗಯ್ಯನ ಮುಖ ನೋಡಿದರು. "ನಾನು ಮೂಸಿ ನೋಡಿದ್ದೆ, ಸರಿ ಇತ್ತು. ಅಣ್ಣನ ಕೈಯಲ್ಲಿ ಸಿಗರೇಟ್ ಇತ್ತೇನೋ" ಎಂದು ಅವನ ಬಾಯಿಂದ ಬಂತು. ಸಂಜೆಯೊಳಗೆ ಆ 'ಏನೋ' ಉದುರಿಹೋಗಿ ಸಿಗರೇಟು ಮಾತ್ರ ಉಳಿಯಿತು.

"ನನ್ನ ಕೈಯಲ್ಲಿ ಏನೂ ಇರ್ಲಿಲ್ಲ" ಎಂದು ಅವನು ಆಸ್ಪತ್ರೆಯ ಮಂಚದಿಂದಲೂ ಹೇಳಿದ, ಬ್ಯಾಂಡೇಜು ಬಿಚ್ಚಿದ ಮೇಲೂ ಹೇಳಿದ. ಯಾರೂ ನಂಬಲಿಲ್ಲ. ಇನ್ನು ಲಾರಿ ಓಡಿಸುವಂತಿಲ್ಲದ ಅವನಿಗೆ ಶೆಡ್ಡಿನ ಗೇಟು ಕಾಯುವ ಕೆಲಸ ಕೊಟ್ಟರು. ಈಗ ಅವನು ಗೇಟಣ್ಣ. ಮೂಗಯ್ಯ ದಿನವೂ ಅವನ ಎಡಗಡೆಯಿಂದಲೇ ಒಳಗೆ ಬರುತ್ತಿದ್ದ.

ಇವತ್ತು ಬೆಳಗ್ಗೆ ಒಂಬತ್ತರ ಹೊತ್ತಿಗೆ ಭಾಮೈದ ಓಡಿ ಬಂದ. ಹೆಂಡತಿಗೆ ಇರುವ ಒಬ್ಬನೇ ತಮ್ಮ, ಮೊಟ್ಟೆ ಲಾರಿಯ ಡ್ರೈವರು. ನಸುಕಿನಲ್ಲಿ ಲೋಡು ತಂದು ಶೆಡ್ಡಿನಲ್ಲಿ ನಿಲ್ಲಿಸಿ, ಎರಡು ಗಂಟೆ ಮಲಗಿ ಎದ್ದರೆ ಗಾಡಿ ಸ್ಟಾರ್ಟ್ ಆಗದೆ ಸೆಲ್ಫು ಟಕ್ ಎಂದು ಸುಮ್ಮನಾಗುತ್ತಿತ್ತು. ಮಧ್ಯಾಹ್ನದೊಳಗೆ ಲೋಡು ಇಳಿಸಬೇಕು. ಕರೆಂಟು ಕೊಡಲು ಇನ್ನೊಂದು ಲಾರಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿಯೂ ಆಗಿತ್ತು.

"ರಾತ್ರಿಯೆಲ್ಲ ಚೆನ್ನಾಗೇ ಇತ್ತು ಭಾವ. ಹೆಡ್‌ಲೈಟಂತೂ ರೋಡನ್ನೇ ಹಗಲು ಮಾಡಿಬಿಟ್ಟಿತ್ತು."

ಮೂಗಯ್ಯ ಅವನತ್ತ ತಿರುಗಿದ. ಅವತ್ತು ಹಿರಿಯ ಡ್ರೈವರ್ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು. ಲೈಟು ಅತಿಯಾಗಿ ಉರಿಯುತ್ತಿದೆ ಎಂದರೆ ಡೈನಮೋ ಬ್ಯಾಟರಿಗೂ ಅತಿಯಾಗಿ ತುಂಬುತ್ತಿದೆ. ಅದು ಒಳಗೇ ಬೆಂದುಹೋಗುತ್ತದೆ.

"ಬಲ್ಬು ಹೊಸದೇನೋ?"

"ಹೂಂ ಭಾವ, ಹೋದ ವಾರ ಹಾಕ್ಸಿದ್ದು."

ಹೋದ ಜೀವ ಬಂದಂತಾಯಿತು. ಹೊಸ ಬಲ್ಬು, ಬೇರೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಗಡಿಯಾರ, ಉಂಗುರ ತೆಗೆದು ಜೇಬಿಗೆ ಹಾಕಿದ. ಎರಡೂ ಗಾಡಿ ಇಪ್ಪತ್ನಾಲ್ಕು ವೋಲ್ಟಿನವೇ ಎಂದು ನೋಡಿದ. ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಸುತ್ತ ನಾಲ್ಕಾರು ಜನ ನಿಂತಿದ್ದರು. ಅವರೆಲ್ಲ ಅವನ ಮೂಗನ್ನೇ ನೋಡುತ್ತಿದ್ದರು. ಬಗ್ಗಿದ, ಗಾಳಿ ಬೀಸಿಕೊಂಡ. ಏನೂ ಇಲ್ಲ. ಏನಿದ್ದರೂ ಅವನಿಗೆ ಏನೂ ಇಲ್ಲ.

"ಸರಿ ಇದೆ, ಹಾಕು" ಎಂದುಬಿಟ್ಟ. ಹಾಳು ಅಭ್ಯಾಸ, ಅವನಿಗಿಂತ ಮೊದಲು ಅದೇ ಮಾತಾಡಿತು.

"ಥೂ, ಎಂಥಾ ನಾತ!" ಎಂದು ಪಕ್ಕದ ಲಾರಿಯ ಡ್ರೈವರು ಮೂಗಿಗೆ ಟವೆಲು ಹಿಡಿದ.

"ನನ್ನ ಗಾಡಿದೇ ಕಣಯ್ಯ" ಎಂದು ಭಾಮೈದ ನಕ್ಕ. "ಹೋದ ಟ್ರಿಪ್ಪಲ್ಲಿ ಹತ್ತು ಟ್ರೇ ಒಡೆದುಹೋಯ್ತು. ತೊಳೆಸೋಕೆ ಪುರುಸೊತ್ತೆಲ್ಲಿದೆ?"

ಮೂಗಯ್ಯನ ಕೈ ಅಲ್ಲೇ ನಿಂತಿತು. ನಾತ ಇದೆ. ಎಲ್ಲಿಂದ ಬರುತ್ತಿದೆ? ಹಿಂದೆ ಜಾಸ್ತಿಯೋ, ಇಲ್ಲಿ ಜಾಸ್ತಿಯೋ ಎಂದು ಒಂದು ಮಾತು ಕೇಳಿದರೆ ಸಾಕಿತ್ತು. ಮೂಗಿರುವ ಯಾರಾದರೂ ಹೇಳುತ್ತಿದ್ದರು. ಆದರೆ ಮೂಗಯ್ಯ ಕೇಳುವ ಪ್ರಶ್ನೆಯೇ ಅದು? ಕೇಳದೆ ಕೇಬಲ್ಲು ಎತ್ತಿಕೊಂಡ.

ಕೆಂಪು ಕ್ಲಿಪ್ಪು ಡೌನ್ ಆದ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಪಕ್ಕದ ಲಾರಿಯ ಪ್ಲಸ್ಸಿಗೆ. ಕಪ್ಪು ಕ್ಲಿಪ್ಪು ಪಕ್ಕದ ಲಾರಿಯ ಮೈನಸ್ಸಿಗೆ. ಉಳಿದದ್ದು ಒಂದೇ, ಕಿಡಿ ಹಾರುವ ಆ ಕೊನೆಯದು. ಅದನ್ನು ಬ್ಯಾಟರಿಯಿಂದ ದೂರ, ಚಾಸಿಯ ಬರಿಯ ಕಬ್ಬಿಣಕ್ಕೆ ಹಾಕಬೇಕು. ಅದು ಭಾಮೈದನ ಕೈಯಲ್ಲಿತ್ತು.

"ಚಾಸಿ ಪೂರ್ತಿ ಬಣ್ಣ, ಮಣ್ಣು. ಹಿಡಿಯಲ್ಲ ಭಾವ, ಇಲ್ಲೇ ಬ್ಯಾಟರಿಗೇ ಕೊಡ್ತೀನಿ."

ಮೂಗಯ್ಯ ಮುಂಗೈಯನ್ನು ಬ್ಯಾಟರಿಯ ಪಕ್ಕಕ್ಕೆ ತಾಗಿಸಿದ. ಬಿಸಿ. ಪಕ್ಕ ಸ್ವಲ್ಪ ಉಬ್ಬಿತ್ತು ಕೂಡ.

"ತಡಿಯೋ. ಬಿಸಿ ಇದೆ."

"ರಾತ್ರಿಯೆಲ್ಲ ಓಡಿದ ಗಾಡಿ ಬಿಸಿ ಇರದೆ ಇನ್ನೇನು? ನಿಮ್ಮ ಮೂಗು ಸರಿ ಅಂದ್ಮೇಲೆ ಕೈ ಮಾತು ಯಾರು ಕೇಳ್ತಾರೆ ಭಾವ!"

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಗೇಟಿನ ಕಡೆಯಿಂದ ಗೇಟಣ್ಣ ಬರುತ್ತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲೇ ನಿಂತ, ಮುಂದೆ ಬರಲಿಲ್ಲ.

"ಹಾಕ್ಬೇಡಪ್ಪ. ಇದು ಅವತ್ತಿನ ವಾಸನೆ."

"ಮೊಟ್ಟೆ ನಾತ ಅಣ್ಣ."

"ಮೊಟ್ಟೆ ಹಿಂದೆ ಇದೆ. ಇದು ಇಲ್ಲಿಂದ ಬರ್ತಿದೆ."

"ಭಾವ ಮೂಸಿ ನೋಡಿ ಆಯ್ತು" ಎಂದ ಭಾಮೈದ. ಅವನಿಗೆ ಲೋಡಿನ ಅವಸರ, ಬಾಯಿಗೆ ಹಿಡಿತವಿರಲಿಲ್ಲ. "ನನ್ನ ಕೈಯಲ್ಲಿ ಸಿಗರೇಟಂತೂ ಇಲ್ಲ, ಹೆದರ್ಬೇಡಿ."

ಗೇಟಣ್ಣ ಉಳಿದ ಒಂದು ಕಣ್ಣನ್ನು ಮೂಗಯ್ಯನ ಮೇಲೆ ನೆಟ್ಟು ನಿಂತ.

ಭಾಮೈದ ಕ್ಲಿಪ್ಪು ಅಗಲಿಸಿ ಬಗ್ಗಿದ. ಅವನ ಮುಖ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿತ್ತು. ನಿಜ ಹೇಳಿದರೆ ಅವತ್ತಿನದೂ ಹೊರಗೆ ಬರುತ್ತದೆ. ಸುಮ್ಮನಿದ್ದರೆ ಇವನ ಅಕ್ಕನ ಮುಂದೆ ಈ ಮುಖವನ್ನು ಹೇಗೆ ಹೊತ್ತೊಯ್ಯಬೇಕು? ಆಗ ಮೂರನೆಯದೊಂದು ದಾರಿ ಹೊಳೆಯಿತು, ಬಲು ಸಲೀಸಾದದ್ದು.

"ನಿಲ್ಸೋ!" ಎಂದು ಕಿರುಚಿದ. "ನಂಗೂ ಈಗ ಹತ್ತಿತು. ಹೌದು, ಅದೇ ವಾಸನೆ. ಕ್ಲಿಪ್ಪನ್ನ ಎಲ್ಲೂ ತಾಗಿಸ್ಬೇಡ, ಹಾಗೇ ಹಿಂದೆ ಬಾ."

ಭಾಮೈದನ ಕೈ ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಂತಿತು. ಎಲ್ಲರ ಮಾತು ನಿಂತಾಗ ಪೆಟ್ಟಿಗೆಯೊಳಗಿನ ಸದ್ದು ಕೇಳಿಸಿತು, ಸಣ್ಣ ಉರಿಯ ಮೇಲಿಟ್ಟ ಪಾತ್ರೆಯ ಹಾಗೆ ಗುಳುಗುಳು. ಭಾಮೈದ ಕ್ಲಿಪ್ಪು ಹಿಡಿದ ಕೈಯನ್ನು ಚಾಚಿಕೊಂಡೇ ಹಿಂದೆ ಹಿಂದೆ ನಡೆದ.

"ಮೊದಲು ಆ ಗಾಡಿ ಕಡೆಯಿಂದ ಕೇಬಲ್ ಬಿಚ್ಚಿ. ಇದರ ಹತ್ತಿರ ಯಾರೂ ಹೋಗ್ಬೇಡಿ, ತಣ್ಣಗಾಗ್ಲಿ" ಎಂದ ಮೂಗಯ್ಯ.

ಭಾಮೈದ ಉಳಿದ, ಮೂಗಿನ ಮರ್ಯಾದೆಯೂ ಉಳಿಯಿತು. ಸಂಜೆಯೊಳಗೆ ಇದೂ ಒಂದು ಕಥೆಯಾಗುತ್ತದೆ. ಎಂಥ ಮನುಷ್ಯ ನೋಡಿ, ಅಂಥ ಹೊತ್ತಿನಲ್ಲೂ ಅವನಿಗೆ ಒಳಗೊಳಗೇ ಖುಷಿಯಾಯಿತು.

"ಅದೇ ವಾಸನೆ ಅಂದೆ" ಎಂದ ಗೇಟಣ್ಣ.

"ಹೂಂ ಅಣ್ಣ."

"ಅದೇ ಅನ್ನೋದಾದ್ರೆ ಅವತ್ತೂ ನಿಂಗೆ ಬಂದಿತ್ತು ಅಂತಾಯ್ತು."

ಬಂದಿತ್ತು ಎಂದರೆ, ಮೂಗಯ್ಯ ಗೊತ್ತಿದ್ದೂ ಒಬ್ಬನ ಕಣ್ಣು ತೆಗೆಸಿದವನಾಗುತ್ತಾನೆ. ಭಾಮೈದ ಇಬ್ಬರ ಮುಖವನ್ನೂ ನೋಡುತ್ತಿದ್ದ. ಕೇಬಲ್ ಬಿಚ್ಚುತ್ತಿದ್ದವರೂ ತಿರುಗಿ ನಿಂತರು.

"ಇಲ್ಲ ಅಣ್ಣ" ಎಂದ ಮೂಗಯ್ಯ. ಅವನ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. "ಅವತ್ತೂ ಬಂದಿರ್ಲಿಲ್ಲ. ಇವತ್ತೂ ಬಂದಿಲ್ಲ. ಆರು ತಿಂಗಳಾಯ್ತು, ನಂಗೆ ಯಾವ ವಾಸನೇನೂ ಬರಲ್ಲ."

"ಭಾವಾ..." ಎಂದ ಭಾಮೈದ.

ಗೇಟಣ್ಣ ಹೊಡೆಯುತ್ತಾನೆ ಎಂದುಕೊಂಡು ಮೂಗಯ್ಯ ತಲೆ ತಗ್ಗಿಸಿ ನಿಂತ. ಹೊಡೆದಿದ್ದರೆ ಚೆನ್ನಾಗಿತ್ತು.

"ಕೆಲಸ ಮುಗಿದ್ಮೇಲೆ ನಮ್ಮನೆಗೆ ಬಾ" ಎಂದ ಗೇಟಣ್ಣ, ತುಂಬ ಮೆಲ್ಲಗೆ. "ಈಗ ಹೇಳಿದ್ದನ್ನೇ ನನ್ನ ಹೆಂಡ್ತಿ ಮುಂದೆ ಹೇಳು. ಅವಳೂ ನಿನ್ನ ಮೂಗನ್ನೇ ನಂಬಿದಾಳೆ."